ಗೋಡೆಗೆ ಮುಖ ಮಾಡಿ ನಿಂತವರು

ಹೋಟೆಲಿನ ದೊಡ್ಡ ಬೆಡ್‌ಶೀಟ್ ಮಡಿಸುವುದಕ್ಕೆ ಇಬ್ಬರು ಬೇಕು. ಒಬ್ಬಳು ಈ ತುದಿ, ಇನ್ನೊಬ್ಬಳು ಆ ತುದಿ. ಮೂಲೆ ಹಿಡಿದು ಜಗ್ಗಬೇಕು, ಒಮ್ಮೆ ಝಾಡಿಸಬೇಕು, ಮಡಿಕೆ ಮಾಡಿಕೊಂಡು ಒಬ್ಬರ ಕಡೆ ಒಬ್ಬರು ನಡೆದು ಬರಬೇಕು. ಮೂಲೆಗೆ ಮೂಲೆ ಸೇರಿಸುವಾಗ ಕೈಗೆ ಕೈ ತಾಗುತ್ತದೆ. ಇಡೀ ದಿನದಲ್ಲಿ ಗಿಡ್ಡಿಯ ಕೈಗೆ ಇನ್ನೊಬ್ಬ ಮನುಷ್ಯರ ಕೈ ತಾಗುತ್ತಿದ್ದದ್ದು ಆಗ ಮಾತ್ರ.

ಆ ಕೈ ದೊಡ್ಡಕ್ಕನದು. ದೊಡ್ಡಕ್ಕ ಎತ್ತರದ ಹೆಂಗಸು, ಬಾಗಿಲಿಗೆ ತಲೆ ತಗ್ಗಿಸುವಷ್ಟು. ಗಿಡ್ಡಿ ಹೆಸರಿಗೆ ತಕ್ಕ ಹಾಗೆ ಅವಳ ಭುಜಕ್ಕೂ ಬರುತ್ತಿರಲಿಲ್ಲ. ಇಬ್ಬರೂ ಶೀಟ್ ಹಿಡಿದು ನಿಂತರೆ ಅದು ಒಂದು ಕಡೆ ಜಾರುಬಂಡೆಯಾಗುತ್ತಿತ್ತು. "ಸ್ವಲ್ಪ ಬೆಳಿಯೇ, ಯಾರಾದ್ರೂ ಬೇಡ ಅಂದ್ರಾ?" ಅಂತ ದೊಡ್ಡಕ್ಕ ರೇಗಿಸುತ್ತಿದ್ದಳು. "ನೀನೇ ಸ್ವಲ್ಪ ಸವೀ, ಕೆಲಸ ಸಾಲದಾ?" ಅಂತ ಗಿಡ್ಡಿ. ಈ ಮಾತುಗಳಲ್ಲಿ ಏನೂ ಇರಲಿಲ್ಲ. ಆದರೆ ಗಿಡ್ಡಿಗೆ ಬೇರೆ ಮಾತೇ ಇರಲಿಲ್ಲ. ಗಂಡ ದುಡಿಯಲು ಹೋದ ಊರಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಮಕ್ಕಳಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಒಂದೇ ಕೋಣೆ ಅವಳ ಮನೆ. ಅಲ್ಲಿ ಸಂಜೆ ಪಾತ್ರೆ ಬಿದ್ದರೆ, ಆ ಸದ್ದಿಗೆ ಏನಾಯಿತು ಅಂತ ಕೇಳುವವರು ಯಾರೂ ಇಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ರಸ್ತೆಯ ಆಚೆ ಇನ್ನೊಂದು ಹೋಟೆಲ್ ಎದ್ದು ನಿಂತಿತು. ನೆತ್ತಿಯವರೆಗೂ ಗಾಜು. ಗಿರಾಕಿಗಳು ಅತ್ತ ಹೊರಳಿದರು. ಇತ್ತ ಕೋಣೆಗಳು ಖಾಲಿ ಬಿದ್ದವು. ಮಾಲೀಕರ ನಿದ್ದೆ ಹಾರಿತು. ಅವರ ನಿದ್ದೆ ಹಾರಿದರೆ ಬೇರೆಯವರ ಬೆನ್ನು ಮುರಿಯಬೇಕು, ಅದು ಲೋಕರೂಢಿ. ಅವರು ದೊಡ್ಡ ಫೀಸು ಕೊಟ್ಟು ಸಲಹೆಗೆಂದು ಒಬ್ಬ ಸಾಹೇಬನನ್ನು ಕರೆಸಿದರು.

ಸಾಹೇಬ ಊಟದ ಹಾಲಿನಲ್ಲಿ ಎಲ್ಲರನ್ನೂ ಸೇರಿಸಿದ. ಮ್ಯಾನೇಜರುಗಳಿಗೆ ಕುರ್ಚಿ. ಗುಡಿಸುವವರು, ತೊಳೆಯುವವರು ಹಿಂದುಗಡೆ ನಿಂತರು. ಗೋಡೆಯ ಮೇಲೆ ಚಿತ್ರ ಬಿತ್ತು. ಯಾವ ಚಿತ್ರ ಬಂದರೂ ಅದರಲ್ಲೊಂದು ಬಾಣ, ಬಾಣದ ತುದಿ ಮೇಲಕ್ಕೆ. ದೊಡ್ಡಕ್ಕ ಗಿಡ್ಡಿಯ ಕಿವಿಯಲ್ಲಿ, "ಬಾಣದ ಸಾಹೇಬ" ಅಂದಳು. ಆ ಹೆಸರೇ ನಿಂತಿತು.

"ಎದುರುಗಡೆ ಗಾಜಿದೆ, ಈಜುಕೊಳ ಇದೆ" ಅಂದ ಬಾಣದ ಸಾಹೇಬ. "ನಾವೂ ಅದನ್ನೇ ಕಟ್ಟಿದ್ರೆ ಬರೀ ನಕಲು. ಅವರ ಹತ್ರ ಇಲ್ಲದ್ದು ನಮ್ಮ ಹತ್ರ ಇರ್ಬೇಕು. ಅದಕ್ಕೇ ಮೇಲುಗೈ ಅನ್ನೋದು. ಅದನ್ನ ಹುಡುಕೋದಕ್ಕೇ ತಂತ್ರ ಅನ್ನೋದು. ನಾವು ಗಿರಾಕಿಗಳನ್ನ ಕೇಳಿದ್ವಿ. ಬಾಗಿಲು ತೆಗೆದ ಕೂಡಲೇ ಪೊರಕೆ, ಕೊಳೆ ಬಟ್ಟೆ, ಬೆವರಿದ ಮುಖ ಕಂಡ್ರೆ ಅವರಿಗೆ ಕಸಿವಿಸಿ. ಇನ್ಮೇಲೆ ಇಲ್ಲಿ ಕೊಳೆ ತಾನಾಗೇ ಮಾಯ ಆಗ್ಬೇಕು. ಮಾಡೋರು ಯಾರೂ ಕಾಣಬಾರದು. ಅಂದ್ರೆ ನೀವೇ ನಮ್ಮ ಮೇಲುಗೈ."

ಕುರ್ಚಿಯವರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ದೊಡ್ಡಕ್ಕನ ದನಿ ಬಂತು. "ಹಂಗಾದ್ರೆ ಸತ್ತೋರನ್ನ ಕೆಲಸಕ್ಕೆ ಇಟ್ಕೊಳ್ಳಿ ಸಾರ್. ಕಾಣೋದೂ ಇಲ್ಲ, ರಜಾನೂ ಕೇಳಲ್ಲ."

ನಿಂತವರು ನಕ್ಕರು. ಬಾಣದ ಸಾಹೇಬನೂ ನಕ್ಕ. ಒಳ್ಳೆಯ ಮನುಷ್ಯ, ಬೈಯಲಿಲ್ಲ, ಸಿಟ್ಟಾಗಲಿಲ್ಲ. ಮುಂದಿನ ಚಿತ್ರಕ್ಕೆ ಹೋದ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?

ಮಾರನೆಯ ವಾರ ನಿಯಮಗಳು ಇಳಿದವು. ಸದ್ದಾಗದ ರಬ್ಬರ್ ಚಪ್ಪಲಿ ಹಾಕಬೇಕು. ಗೋಡೆಯ ಬಣ್ಣದ ಸಮವಸ್ತ್ರ ತೊಡಬೇಕು. ಜೋಡಿ ಕೆಲಸ ಬಂದ್, ಯಾಕೆಂದರೆ ಇಬ್ಬರು ಹೆಂಗಸರು ಸೇರಿದರೆ ಮಾತು, ಮಾತು ಬಾಗಿಲ ಒಳಗೆ ಕೇಳುತ್ತದೆ. ಮಹಡಿಗೆ ಒಬ್ಬಳು. ಗಿರಾಕಿಯ ಹೆಜ್ಜೆ ಸದ್ದು ಕೇಳಿದರೆ ಇದ್ದಲ್ಲೇ ಗೋಡೆಗೆ ತಿರುಗಿ ನಿಲ್ಲಬೇಕು. ಹೆಜ್ಜೆ ದಾಟಿ ಹೋಗುವ ತನಕ ಕದಲಬಾರದು. ಯಾರು ಬಂದರು ಅಂತ ತಿರುಗಿ ನೋಡುವಂತಿಲ್ಲ. ಒಬ್ಬಳೇ ಶೀಟ್ ಮಡಿಸುವುದು ಹೇಗೆ ಅನ್ನುವುದಕ್ಕೂ ಬಾಣದ ಸಾಹೇಬನ ಬಳಿ ಉತ್ತರವಿತ್ತು. ಪ್ರತಿ ಮಹಡಿಯ ಬಟ್ಟೆ ಇಡುವ ಕೋಣೆಯ ಗೋಡೆಗೆ ಒಂದೊಂದು ಕೊಕ್ಕೆ ಹೊಡೆಸಿದ. ಆ ತುದಿ ಕೊಕ್ಕೆಗೆ, ಈ ತುದಿ ನಿನಗೆ.

ಗಿಡ್ಡಿಗೆ ಮೂರನೇ ಮಹಡಿ ಬಂತು, ದೊಡ್ಡಕ್ಕನಿಗೆ ನಾಲ್ಕನೆಯದು. ನಡುವೆ ಇದ್ದದ್ದು ಒಂದು ಚಾವಣಿ. ಊಟದ ಹೊತ್ತನ್ನೂ ಬೇರೆ ಬೇರೆ ಮಾಡಿದ್ದರು.

ಕೆಲಸ ಎರಡರಷ್ಟಾಯಿತು. ಇಬ್ಬರು ಎತ್ತುತ್ತಿದ್ದ ಹಾಸಿಗೆಯನ್ನು ಒಬ್ಬಳೇ ಎತ್ತಬೇಕು. ಮೊಣಕಾಲಿನಿಂದ ಮೂಲೆಯನ್ನು ಮೇಲಕ್ಕೆ ನೂಕಿ, ಹೊಟ್ಟೆ ಕೊಟ್ಟು ತಡೆದು, ಒಂದೇ ಕೈಯಲ್ಲಿ ಶೀಟ್ ಸಿಕ್ಕಿಸಬೇಕು. ಗಿಡ್ಡಿಯ ಸೊಂಟ ಬೆಂಕಿಯಾಗುತ್ತಿತ್ತು. ಟಾಯ್ಲೆಟ್ ತೊಳೆಯುವ ಆಸಿಡ್ ನೀರಿಗೆ ಬೆರಳ ಸಂದಿ ಬಿರಿದಿತ್ತು. ಅದೆಲ್ಲ ಸಹಿಸಿದಳು. ಸಹಿಸಲಾಗದ್ದು ಕೊಕ್ಕೆ. ಕೊಕ್ಕೆಗೆ ಎರಡು ಮೂಲೆ ಸಿಕ್ಕಿಸಿ ಹಿಂದಕ್ಕೆ ನಡೆದು ಮತ್ತೆ ಮುಂದಕ್ಕೆ ಬರುವಾಗ ಎದುರಿಗೆ ಯಾರೂ ಇರುತ್ತಿರಲಿಲ್ಲ. ಒಂದು ದಿನ ಅವಳು ಕೊಕ್ಕೆಗೆ, "ಸ್ವಲ್ಪ ಬಗ್ಗೇ" ಅಂದುಬಿಟ್ಟಳು. ಅಂದ ಮೇಲೆ ಅಳು ಬಂತು. ಬೆಳಗ್ಗೆಯಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು. ದನಿ ಗೊಗ್ಗರಾಗಿತ್ತು, ಯಾರದೋ ದನಿಯ ಹಾಗೆ ಕೇಳಿಸಿತು.

ಗೋಡೆಗೆ ತಿರುಗುವುದು ಮೊದಲು ಕಷ್ಟವಾಯಿತು. ಆಮೇಲೆ ಮೈಗೆ ಬಂತು. ಹೆಜ್ಜೆ ಕೇಳಿದರೆ ತಲೆ ಹೇಳುವ ಮೊದಲೇ ಕಾಲು ತಿರುಗುತ್ತಿತ್ತು. ಮೂಗಿನ ಮುಂದೆ ಬಣ್ಣದ ಗೋಡೆ. ಬೆನ್ನ ಹಿಂದೆ ಸೆಂಟಿನ ವಾಸನೆ, ನಗು, ಫೋನಿನ ಮಾತು. ಒಂದು ಸಲ ಒಂದು ಮಗುವಿನ ದನಿ ಕೇಳಿತು.

"ಅಮ್ಮಾ, ಈ ಆಂಟಿ ಏನ್ ತಪ್ಪು ಮಾಡಿದ್ದಾರೆ?"

"ಶ್‌, ನೋಡಬಾರದು. ಬಾ."

ತಪ್ಪು ಏನು ಅಂತ ಗಿಡ್ಡಿಯೂ ಬಹಳ ಹೊತ್ತು ಯೋಚಿಸಿದಳು. ಅಂದು ಸಂಜೆ ತನ್ನ ಕೋಣೆಗೆ ಹೋದ ಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ವಯಸ್ಸಾದ, ಸುಸ್ತಾದ, ಎಲ್ಲರ ಹಾಗೇ ಇರುವ ಮುಖ. ನೋಡಿದರೆ ಯಾರಿಗೂ ಕೇಡಾಗುವಂಥದ್ದಲ್ಲ.

ಸೋಪು ಮುಗಿದಾಗ ಒಮ್ಮೆ ಕದ್ದು ನಾಲ್ಕನೇ ಮಹಡಿಗೆ ಹೋಗಿದ್ದಳು. ತಿರುವಿನಲ್ಲಿ ಯಾರೋ ಬಂದ ಹಾಗಾಯಿತು. ಥಟ್ಟನೆ ಗೋಡೆಗೆ ತಿರುಗಿದಳು. ಎಷ್ಟು ಹೊತ್ತಾದರೂ ಯಾರೂ ದಾಟಲಿಲ್ಲ. ಮೆಲ್ಲಗೆ ಓರೆಗಣ್ಣು ಬಿಟ್ಟರೆ ಆ ತುದಿಯಲ್ಲಿ ದೊಡ್ಡಕ್ಕನೂ ಗೋಡೆಗೆ ತಿರುಗಿ ನಿಂತಿದ್ದಾಳೆ, ಗಿಡ್ಡಿಯನ್ನೇ ಗಿರಾಕಿ ಅಂತ ತಿಳಿದು. ಇಬ್ಬರೂ ಟವೆಲ್ ಬಾಯಿಗೆ ತುರುಕಿಕೊಂಡು ನಕ್ಕರು. ಆಮೇಲೆ ದೊಡ್ಡಕ್ಕ ಕಣ್ಣೊರೆಸಿಕೊಂಡು, "ನನಗೂ ನೀನು ಕಾಣದೇ ಇರೋ ಹಂಗಾಯ್ತಲ್ಲೇ" ಅಂದಳು. ನಕ್ಕ ಕಣ್ಣೀರೋ ಬೇರೆಯದೋ ಗಿಡ್ಡಿಗೆ ತಿಳಿಯಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ.

ತಂತ್ರ ಫಲಿಸಿತು. ಅದನ್ನೂ ಹೇಳಬೇಕು. ಹೋಟೆಲ್ ತುಂಬಿತು. ಇಲ್ಲಿ ಶಾಂತಿ ಇದೆ, ಇಲ್ಲಿ ಎಲ್ಲ ತಾನಾಗಿಯೇ ಆಗುತ್ತದೆ ಅಂತ ಗಿರಾಕಿಗಳು ಹೊಗಳಿ ಬರೆದರು. ಬಾಣದ ತುದಿ ಮೇಲಕ್ಕೇ ಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ದಿನ ಹಣ ಹೂಡುವ ದೊಡ್ಡವರು ಹೋಟೆಲ್ ನೋಡಲು ಬರುವವರಿದ್ದರು. ಅವರಲ್ಲೊಬ್ಬರು ಹಿಂದಿನ ರಾತ್ರಿಯೇ ಬಂದು ನಾಲ್ಕನೇ ಮಹಡಿಯಲ್ಲಿ ಉಳಿದಿದ್ದರು. ನಾಲ್ಕನೇ ಮಹಡಿಗೆ ಹೊಸ ಟವೆಲ್ ಮುಟ್ಟಿಸು ಅಂತ ಸೂಪರ್‌ವೈಸರಣ್ಣ ಗಿಡ್ಡಿಯನ್ನು ಕಳಿಸಿದ. ದೊಡ್ಡಕ್ಕನನ್ನು ನೋಡುವ ಆಸೆಗೆ ಅವಳು ಮೆಟ್ಟಿಲು ಹತ್ತಿ ಓಡಿದಳು. ತಿರುವಿನಲ್ಲಿ ದೊಡ್ಡಕ್ಕ ಕಂಡಳು. ಕೊಳೆ ಬಟ್ಟೆಯ ಟ್ರಾಲಿಯ ಪಕ್ಕ, ಗೋಡೆಗೆ ಹಣೆ ಆನಿಸಿ ನಿಂತಿದ್ದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದು, ಹಲವು ಬೂಟುಗಳ ಸದ್ದು. ಗಿಡ್ಡಿಯ ಕಾಲು ತಾನಾಗಿ ತಿರುಗಿತು. ಟವೆಲ್ ಎದೆಗೆ ಒತ್ತಿಕೊಂಡು ಅವಳೂ ಗೋಡೆಗೆ ಮುಖ ಮಾಡಿದಳು.

ಬಾಣದ ಸಾಹೇಬನ ದನಿ ಹತ್ತಿರ ಬಂತು. "ನೋಡಿ, ನಾನು ಹೇಳಿದ್ದು ಇದೇ. ಇಬ್ಬರು ಇಲ್ಲೇ ಇದ್ದಾರೆ. ನಾನು ತೋರಿಸದಿದ್ರೆ ನಿಮಗೆ ಗೊತ್ತೇ ಆಗ್ತಿರಲಿಲ್ಲ."

"ಅದ್ಭುತ" ಅಂತು ಇನ್ನೊಂದು ದನಿ. "ಆ ಉದ್ದದವರಂತೂ ಉಸಿರಾಡೋದೂ ಕಾಣಲ್ಲ. ನಾನು ಬೆಳಗ್ಗೆ ತಿಂಡಿಗೆ ಇಳಿಯುವಾಗಲೂ ಹೀಗೇ ನಿಂತಿದ್ರು."

ಬೂಟುಗಳು ದಾಟಿ ಹೋದವು. ಗಿಡ್ಡಿ ಪಿಸುಗುಟ್ಟಿದಳು. "ದೊಡ್ಡಕ್ಕ, ಹೋದ್ರು."

ದೊಡ್ಡಕ್ಕ ತಿರುಗಲಿಲ್ಲ.

"ಅಕ್ಕಾ, ಹೋದ್ರು ಕಣೇ. ತಿರುಗು."

ಹತ್ತಿರ ಹೋಗಿ ಭುಜ ಮುಟ್ಟಿದಳು. ದೊಡ್ಡಕ್ಕ ನಿಂತಿರಲಿಲ್ಲ. ಟ್ರಾಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗೆ ಇಳಿದಿತ್ತು. ಜೊಲ್ಲು ಗೋಡೆಯ ಮೇಲೆ ಸುರಿದು ಒಣಗಿತ್ತು, ಮತ್ತೆ ಸುರಿದಿತ್ತು. ಒಂದು ಕಾಲು ಬಟ್ಟೆಯ ಹಾಗೆ ಮಡಿಚಿಕೊಂಡಿತ್ತು. ಕಣ್ಣು ಮಾತ್ರ ತೆರೆದಿತ್ತು. ಆ ಕಣ್ಣು ಗಿಡ್ಡಿಯನ್ನು ನೋಡಿತು, ಗುರುತು ಹಿಡಿಯಿತು. ಬೆಳಗಿನ ತಿಂಡಿಯ ಹೊತ್ತಿನಿಂದ ಎಷ್ಟು ಜನ ಇವಳ ಬೆನ್ನ ಹಿಂದೆ ಹಾದುಹೋಗಿದ್ದರೋ. ಎಲ್ಲರೂ ನಿಯಮ ಪಾಲಿಸುತ್ತಿದ್ದಾಳೆ ಅಂದುಕೊಂಡಿದ್ದರು. ಗಿಡ್ಡಿಯೂ ಈಗ ಅದನ್ನೇ ಅಂದುಕೊಂಡು ನಿಂತಿದ್ದಳಲ್ಲ.

ಅವಳ ಕೂಗಿಗೆ ಸೂಪರ್‌ವೈಸರಣ್ಣ ಓಡಿ ಬಂದ. ದೊಡ್ಡಕ್ಕನ ಮುಖ ನೋಡಿ ಬೆವೆತುಹೋದ. ಕೆಟ್ಟವನಲ್ಲ, ಮನೆಯಲ್ಲಿ ಮೂರು ಹೆಣ್ಣು ಮಕ್ಕಳಿರುವ ಬಡಪಾಯಿ. ಆಂಬುಲೆನ್ಸಿಗೆ ಫೋನು ಮಾಡಿದ. ಆದರೆ ಹಿಂದಿನ ಗೇಟಿಗೆ ಬಾ ಅಂದ.

"ಟ್ರಾಲಿಯಲ್ಲಿ ಮಲಗಿಸೋಣ" ಅಂದ ಗಿಡ್ಡಿಗೆ. "ಮೇಲೆ ಕೊಳೆ ಶೀಟ್ ಮುಚ್ಚು. ಸರ್ವಿಸ್ ಲಿಫ್ಟಲ್ಲಿ ಇಳಿಸಿ ಹಿಂದಿನಿಂದ ತಗೊಂಡು ಹೋಗೋಣ. ಮುಂದೆ ಲಾಬಿಯಲ್ಲಿ ಅವರೆಲ್ಲ ಇದ್ದಾರೆ."

"ಸರ್ವಿಸ್ ಲಿಫ್ಟಲ್ಲಿ ಅಡುಗೆಮನೆ ಸಾಮಾನು ಏರ್ತಾ ಇದೆ ಅಣ್ಣ. ಬರೋಷ್ಟರಲ್ಲಿ ಇವಳು ಇರಲ್ಲ."

"ಸ್ವಲ್ಪ ಕಾಯೋಣ. ಅವರು ಹೊರಟುಬಿಡ್ತಾರೆ. ನನ್ನ ಕೆಲಸ ಹೋಗತ್ತಮ್ಮ, ನಿನ್ನದೂ ಹೋಗತ್ತೆ. ಮುಚ್ಚು."

ಇಬ್ಬರೂ ಸೇರಿ ದೊಡ್ಡಕ್ಕನನ್ನು ಟ್ರಾಲಿಯಲ್ಲಿ ಮಲಗಿಸಿದ ಮೇಲೆ ಅವನೇ ಒಂದು ಶೀಟ್ ಎತ್ತಿ ಅವಳ ಮುಖದ ಮೇಲೆ ಎಳೆದ. ಬದುಕಿರುವ ಮುಖದ ಮೇಲೆ. ಶೀಟಿನ ಕೆಳಗಿನಿಂದ ಗೊರಗೊರ ಉಸಿರು ಕೇಳುತ್ತಿತ್ತು.

ಗಿಡ್ಡಿ ಆ ಶೀಟನ್ನು ಕಿತ್ತು ನೆಲಕ್ಕೆ ಎಸೆದಳು.

"ಮುಚ್ಚಲ್ಲ."

"ಹೇಳಿದ್ದು ಕೇಳು."

"ಮುಚ್ಚಲ್ಲ ಅಂದೆ. ಹಿಂದಿನಿಂದಾನೂ ಹೋಗಲ್ಲ. ದಾರಿ ಬಿಡು."

ಅವಳು ಟ್ರಾಲಿಯನ್ನು ಗಿರಾಕಿಗಳ ಲಿಫ್ಟಿನ ಕಡೆ ತಿರುಗಿಸಿದಳು. ಸೂಪರ್‌ವೈಸರಣ್ಣ ಟ್ರಾಲಿಯ ತುದಿ ಹಿಡಿದ. ಅವಳು ಅದನ್ನು ಅವನ ಹೊಟ್ಟೆಗೆ ನೂಕಿದಳು. ಒಬ್ಬಳೇ ಹಾಸಿಗೆ ಎತ್ತಿ ಎತ್ತಿ ಅಷ್ಟು ಕಸುವು ಬಂದಿತ್ತು. ಅವನು ಬಿಟ್ಟ.

ಲಾಬಿಯಲ್ಲಿ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ನೆಲವನ್ನು ಬೆಳಗಿನ ಕತ್ತಲಲ್ಲಿ ಎಷ್ಟೋ ವರ್ಷ ಒರೆಸಿದ್ದರೂ ಗಿಡ್ಡಿ ಹಗಲಲ್ಲಿ ಅದರ ಮೇಲೆ ನಡೆದದ್ದು ಅದೇ ಮೊದಲು. ಟ್ರಾಲಿಯ ಗಾಲಿ ಕಿರುಗುಟ್ಟಿತು. ಮಾತುಗಳು ನಿಂತವು. ಬಾಣದ ಸಾಹೇಬ ದಾಪುಗಾಲು ಹಾಕಿ ಬಂದ. ಮುಖದಲ್ಲಿ ನಗು ಹಾಗೇ ಇತ್ತು, ಹಲ್ಲು ಕಚ್ಚಿದ್ದ.

"ಹಿಂದಿನಿಂದ. ದಯವಿಟ್ಟು ಹಿಂದಿನಿಂದ."

ಗಿಡ್ಡಿ ಟ್ರಾಲಿ ನಿಲ್ಲಿಸಿದಳು. ಬಾಯಿ ತೆರೆದಾಗ ಮಾತು ತಾನೇ ಬಂತು. ತಿಂಗಳುಗಟ್ಟಲೆ ಮುಚ್ಚಿದ್ದ ಗಂಟಲಿನಿಂದ ಒಡೆದ ದನಿಯಲ್ಲಿ ಬಂತು.

"ಇವಳು ನಾಲ್ಕನೇ ಮಹಡಿಯೋಳು. ನೀವು ಮಲಗೋ ಹಾಸಿಗೆ ಹಾಸೋಳು. ನಿಮ್ಮ ಕಕ್ಕಸು ತೊಳೆಯೋಳು. ಬೆಳಗ್ಗೆಯಿಂದ ಗೋಡೆಗೆ ಒರಗಿ ಸಾಯ್ತಾ ಇದ್ದಳು. ನೀವೆಲ್ಲ ಪಕ್ಕದಲ್ಲೇ ಹೋದ್ರಿ. ಚೆನ್ನಾಗಿ ನಿಂತಿದಾಳೆ ಅಂದ್ರಿ. ಈಗ ನೋಡಿ. ನೋಡಿ ಅಂದೆ."

ಕೆಲವರು ನೋಡಿದರು. ಕೆಲವರು ಫೋನು ತೆಗೆದು ವಿಡಿಯೋ ಹಿಡಿದರು. ಬೆಳಗ್ಗೆ ತಿಂಡಿಗೆ ಇಳಿದಿದ್ದ ಮನುಷ್ಯ ಕುರ್ಚಿ ಹುಡುಕಿಕೊಂಡು ಕೂತುಬಿಟ್ಟ. ಯಾರೂ ಟ್ರಾಲಿಗೆ ಕೈ ಹಾಕಲಿಲ್ಲ. ಮುಂಬಾಗಿಲನ್ನು ಬೆನ್ನಿನಿಂದ ನೂಕಿ ಗಿಡ್ಡಿ ಒಬ್ಬಳೇ ದೊಡ್ಡಕ್ಕನನ್ನು ರಸ್ತೆಗೆ ತಂದಳು. ಹಿಂದಿನ ಗೇಟಿಗೆ ಹೇಳಿದ್ದ ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಗೆ ಅಂತ ಅಲ್ಲಿ ಸಿಕ್ಕ ಬಾಡಿಗೆ ಕಾರಿಗೆ ಅಡ್ಡ ನಿಂತಳು.

ದೊಡ್ಡಕ್ಕ ಉಳಿದಳು. ಉಳಿದದ್ದು ಅರ್ಧ. ಒಂದು ಕೈ ಒಂದು ಕಾಲು ಹೋಯಿತು, ಮಾತು ಪೂರ್ತಿ ಹೋಯಿತು. ಬೆಳಗ್ಗೆಯೇ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಂದರು ಡಾಕ್ಟರು. ದೊಡ್ಡಕ್ಕನ ಮಗಳು ಅವ್ವನನ್ನು ಮನೆಗೆ ಕರೆದುಕೊಂಡು ಹೋದಳು. ಗಿಡ್ಡಿ ಸಂಜೆ ಹೋಗಿ ಮಂಚದ ಪಕ್ಕ ಕೂರುತ್ತಿದ್ದಳು. ದೊಡ್ಡಕ್ಕನ ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು. ಅದು ಬೈಗುಳವೋ ತಮಾಷೆಯೋ ಊಹಿಸಿ ಗಿಡ್ಡಿಯೇ ಎರಡೂ ಕಡೆಯ ಮಾತಾಡುತ್ತಿದ್ದಳು. ಮನೆಗೆ ವಾಪಸಾಗುವ ದಾರಿಯಲ್ಲಿ ಬೀದಿ ತುಂಬಾ ಜನರಿರುತ್ತಿದ್ದರು, ಆದರೂ ಅವಳಿಗೆ ಚಳಿಯಾಗುತ್ತಿತ್ತು.

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದಳು. ತೆಗೆಯಲಿಲ್ಲ. ಬಾಣದ ಸಾಹೇಬ ತನ್ನ ಕೋಣೆಗೆ ಕರೆಸಿದ. ಕುರ್ಚಿ ತೋರಿಸಿದ. ಟೀ ತರಿಸಿದ. ಮೂಲೆಯಲ್ಲಿ ಒಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ.

"ನಿಮ್ಮ ಮಾತು ನನ್ನ ಕಣ್ಣು ತೆರೆಸಿತು" ಅಂದ. "ನಿಜ ಹೇಳ್ಬೇಕು ಅಂದ್ರೆ, ಎದುರು ಹೋಟೆಲಿನವರೂ ಈಗ ಅವರ ಹೆಂಗಸರನ್ನ ಗೋಡೆಗೆ ತಿರುಗಿಸ್ತಿದ್ದಾರೆ. ಹಾಗಾಗಿ ಅದು ಇನ್ನು ನಮ್ಮ ಮೇಲುಗೈ ಅಲ್ಲ. ಇನ್ಮೇಲೆ ನೀವು ಗೋಡೆಗೆ ತಿರುಗೋದು ಬೇಡ. ಕಾಣಿಸ್ಕೊಳ್ಳಿ. ನಗ್ತಾ ಕಾಣಿಸ್ಕೊಳ್ಳಿ. ನಿಮ್ಮ ಫೋಟೋ ಲಾಬಿಯಲ್ಲಿ ದೊಡ್ಡದಾಗಿ ಹಾಕ್ತೀವಿ. ಮೊದಲ ಫೋಟೋ ನಿಮ್ಮದೇ. ಅವತ್ತಿನ ವಿಡಿಯೋ ಫೋನಲ್ಲಿ ನೋಡಿದವರೆಲ್ಲ ನಿಮ್ಮನ್ನ ಮೆಚ್ಚಿದ್ದಾರೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಕೋಲಿಗೆ ಬಣ್ಣವನ್ನೂ ಬಳಿಯುತ್ತಿದ್ದರು.

ಗಿಡ್ಡಿ ಟೀ ಮುಟ್ಟಲಿಲ್ಲ. "ಜೋಡಿ ವಾಪಸ್ ಕೊಡ್ತೀರಾ?"

"ಏನು?"

"ಮಹಡಿಗೆ ಇಬ್ಬರು. ಮೊದಲಿದ್ದ ಹಂಗೆ. ಒಬ್ಬಳು ಬಿದ್ರೆ ಇನ್ನೊಬ್ಬಳಿಗೆ ಗೊತ್ತಾಗ್ಲಿ."

ಬಾಣದ ಸಾಹೇಬ ನಿಟ್ಟುಸಿರು ಬಿಟ್ಟ. ಮಗುವಿಗೆ ಹೇಳುವಂತೆ ಹೇಳಿದ. "ಅದು ಖರ್ಚಿನ ವಿಷಯ. ಆಗಲ್ಲ. ಇದು ಗೌರವದ ವಿಷಯ. ಫೋಟೋ ತೆಗೀಲಿ, ಆಮೇಲೆ ಮಾತಾಡೋಣ."

ಕ್ಯಾಮೆರಾದವನು ಮುಂದೆ ಬಂದ. ಗಿಡ್ಡಿ ಎದ್ದು ನಿಂತಳು.

"ಕಾಣಬೇಡ ಅಂದ್ರಿ, ಕಾಣಲಿಲ್ಲ. ಈಗ ಕಾಣು ಅಂತೀರಿ. ಅದೂ ನಿಮ್ಮ ಗಿರಾಕಿಗೆ, ಇದೂ ನಿಮ್ಮ ಗಿರಾಕಿಗೆ. ನನ್ನ ದೊಡ್ಡಕ್ಕನ ಬಾಯಿ ಬಿದ್ದುಹೋಯ್ತು ಸಾರ್. ಅದರ ಮೇಲೆ ನನ್ನ ಹಲ್ಲು ತೋರಿಸಿ ಅಂತೀರಲ್ಲ. ನಿಮಗೆ ಮುಖ ಬೇಕಿದ್ರೆ ನಿಮ್ಮ ಮನೇಲಿ ಹುಡುಕಿ. ನನ್ನದು ಕೊಡಲ್ಲ."

ಅಲ್ಲಿಗೆ ಕೆಲಸ ಹೋಯಿತು.

ಮಾರನೆಯ ಬೆಳಗ್ಗೆ ಕೆಲಸದ ಹೊತ್ತಿಗೇ ಗಿಡ್ಡಿ ಬಂದಳು. ಒಳಗೆ ಹೋಗಲಿಲ್ಲ. ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಬಾಗಿಲು ಕಾಯುವವನು, "ಏಳಮ್ಮ, ನನ್ನ ಮೇಲೆ ಬರತ್ತೆ" ಅಂದ. "ಜೋಡಿ ಕೊಡ್ಲಿ, ಏಳ್ತೀನಿ" ಅಂದಳು. ಅವನು ಎಳೆದು ರಸ್ತೆಗೆ ಬಿಟ್ಟ. ಮತ್ತೆ ಬಂದು ಕೂತಳು. ಗಿರಾಕಿಗಳು ಸುತ್ತಿಕೊಂಡು ಹೋದರು. ಜೊತೆಗೆ ದುಡಿದ ಹೆಂಗಸರು ಹಿಂದಿನ ಗೇಟಿನಿಂದ ಒಳಗೆ ಹೋಗಿ ಹಿಂದಿನ ಗೇಟಿನಿಂದಲೇ ಮನೆಗೆ ಹೋದರು. ಎಲ್ಲರಿಗೂ ಹೊಟ್ಟೆಯಿತ್ತು, ಮಕ್ಕಳಿದ್ದರು. ಗಿಡ್ಡಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಮೊದಲ ದಿನ ಬಂತು, ಎರಡನೆಯ ದಿನವೂ ಬಂತು. ಆಮೇಲೆ ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಸಿಟ್ಟಿಗೂ ಶಕ್ತಿ ಬೇಕಲ್ಲ. ಬರೀ ಕೂತಿದ್ದಳು.

ನಾಲ್ಕನೆಯ ದಿನ ಐದನೇ ಮಹಡಿಯ ಹುಡುಗಿ ಮುಂಬಾಗಿಲಿನಿಂದ ಹೊರಗೆ ಬಂದಳು. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗಿ. ತುಟಿಗೆ ಕೆಂಪು ಬಣ್ಣ, ಕೆನ್ನೆಗೆ ಪೌಡರು, ಇಸ್ತ್ರಿ ಮಾಡಿದ ಹೊಸ ಸಮವಸ್ತ್ರ. ಗಿಡ್ಡಿಯ ಮುಂದೆ ತಪ್ಪಿತಸ್ಥೆಯ ಹಾಗೆ ನಿಂತಳು.

"ಅಕ್ಕ, ಫೋಟೋ ನಂದು ತೆಗೆದ್ರು. ಇಲ್ಲ ಅನ್ನೋಕಾಗಲಿಲ್ಲ."

ಗಿಡ್ಡಿ ಅವಳನ್ನು ನೋಡಿದಳು. ಚೆಂದದ ಹುಡುಗಿ. ಅವಳ ಬೆರಳ ಸಂದಿಗಳು ಆಗಲೇ ಬಿರಿದಿದ್ದವು.

"ಸರಿ ಬಿಡೇ. ನಿನ್ನ ಮಹಡಿಗೆ ಈಗ ಎಷ್ಟು ಜನ?"

"ನಾನೊಬ್ಬಳೇ ಅಕ್ಕ. ನಾಲ್ಕನೇದನ್ನೂ ನನಗೇ ಹಾಕಿದಾರೆ."

"ಅಲ್ಲಿ ನೀನು ಬಿದ್ರೆ?"

ಒಳಗಿನಿಂದ ಸೂಪರ್‌ವೈಸರಣ್ಣ ಹುಡುಗಿಯನ್ನು ಕೂಗಿದ. ಅವಳು ತಿರುಗಿ ನೋಡಿದಳು. ಮತ್ತೆ ಕೂಗಿದ. ಅವಳು ಸಮವಸ್ತ್ರದ ತೋಳಿನಿಂದ ತುಟಿಯ ಬಣ್ಣವನ್ನು ಉಜ್ಜಿದಳು, ಅದು ಕೆನ್ನೆಗೆಲ್ಲ ಹರಡಿತು. ಆಮೇಲೆ ಗಿಡ್ಡಿಯ ಪಕ್ಕದಲ್ಲಿ, ಮುಟ್ಟಿಯೂ ಮುಟ್ಟದಷ್ಟು ದೂರದಲ್ಲಿ, ಮೆಟ್ಟಿಲ ಮೇಲೆ ಕುಳಿತಳು. ಇಬ್ಬರೂ ರಸ್ತೆ ನೋಡುತ್ತಾ ಕೂತರು.

ಅವತ್ತು ಮೇಲೆ ಎರಡು ಮಹಡಿಗಳ ಹಾಸಿಗೆಗಳನ್ನು ಯಾರೂ ಹಾಸಲಿಲ್ಲ.